ಟಿಕ್ ಹಾಕಿದ ಚಾರ್ಟು, ನಿದ್ದೆ ಬಾರದ ಸಿಸ್ಟರ್: ಒಂದು ಆಪ್ತಸಲಹೆ ಪ್ರಕರಣ

ಹೆಸರು, ಊರು, ವಾರ್ಡು, ರೋಗಿಯ ವಿವರ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ.

ಭಾಗ್ಯ ಅವರಿಗೆ 29 ವರ್ಷ. ಹೊಸದುರ್ಗದ ಕಡೆಯವರು. ಬಿಎಸ್ಸಿ ನರ್ಸಿಂಗ್ ಮುಗಿಸಿ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿದವರು ಏಳು ವರ್ಷದಿಂದ ಅಲ್ಲೇ ಇದ್ದಾರೆ. ಮನೆ ಲಗ್ಗೆರೆಯಲ್ಲಿ, ಗಂಡನಿಗೆ ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ, ನಾಲ್ಕು ವರ್ಷದ ಮಗ. ನನ್ನ ಬಳಿ ಬಂದಾಗ ಹೇಳಿಕೊಂಡದ್ದು ನಿದ್ದೆಯ ತೊಂದರೆ. ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಿದರೆ ಒಂದೆರಡು ಗಂಟೆಗೇ ಎಚ್ಚರ. ಮಗನ ಮೇಲೆ ಸುಮ್ಮಸುಮ್ಮನೆ ರೇಗುವುದು. ಡ್ಯೂಟಿಗೆ ಹೋಗುವಾಗ ಬಸ್ಸು ಆಸ್ಪತ್ರೆಯ ಸ್ಟಾಪಿಗೆ ಬರುತ್ತಿದ್ದಂತೆ ಹೊಟ್ಟೆ ತೊಳಸುವುದು.

“ಬರ್ನ್‌ಔಟ್ ಅಂತಾರಲ್ಲ ಮೇಡಂ, ಅದೇ ಇರಬೇಕು. ಯೋಗ ಕ್ಲಾಸಿಗೆ ಸೇರ್ಕೊಳ್ಳಿ ಅಂದ್ರು ಎಚ್‌ಆರ್‌ನವರು.”

ದಣಿವು ಇತ್ತು, ಸುಳ್ಳಲ್ಲ. ಆದರೆ ಊರಹಬ್ಬಕ್ಕೆ ರಜೆ ಹಾಕಿ ತವರಿಗೆ ಹೋದಾಗಲೂ ನಿದ್ದೆ ಬಂದಿರಲಿಲ್ಲ. ಬರಿಯ ದಣಿವಾಗಿದ್ದರೆ ಅಮ್ಮನ ಮನೆಯಲ್ಲಾದರೂ ಕಣ್ಣು ಮುಚ್ಚಬೇಕಿತ್ತು. ಎಚ್ಚರವಾದಾಗ ಏನು ನೆನಪಾಗುತ್ತದೆ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಒಂದು ಚಾರ್ಟಿನ ವಿಷಯ ತೆಗೆದರು.

ಹಾಸಿಗೆ ಹಿಡಿದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲದಿದ್ದರೆ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿ, ಆಮೇಲೆ ಒಡೆದು ಹುಣ್ಣಾಗುತ್ತದೆ. ಬಲಕ್ಕೆ, ಅಂಗಾತ, ಎಡಕ್ಕೆ ಎಂದು ಹೊತ್ತು ಹೊತ್ತಿಗೆ ಬರೆದು ಸಹಿ ಹಾಕಲು ಒಂದು ಹಾಳೆ ಇರುತ್ತದೆ. ಭಾಗ್ಯ ಅವರ ವಾರ್ಡಿನಲ್ಲಿ ರಾತ್ರಿ ಹೊತ್ತು 22 ಹಾಸಿಗೆಗೆ ಇಬ್ಬರು ಸಿಸ್ಟರ್. ಒಬ್ಬರು ಹೊಸಬರು. ಸಾಮಾನ್ಯ ವಾರ್ಡಿನಲ್ಲಿ ಆರು ರೋಗಿಗೆ ಒಬ್ಬ ನರ್ಸ್ ಎಂಬುದು ನಮ್ಮಲ್ಲಿ ಬಹುಕಾಲದಿಂದ ಹೇಳಿಕೊಂಡು ಬಂದ ಅಳತೆ. ಇಲ್ಲಿ ಒಬ್ಬೊಬ್ಬರ ಪಾಲಿಗೆ ಹನ್ನೊಂದು. ಒಂದು ಹೊಸ ಅಡ್ಮಿಷನ್ ಬಂದು, ಇನ್ನೊಬ್ಬರಿಗೆ ಉಸಿರಾಟ ಕೆಟ್ಟರೆ ಮುಗಿಯಿತು, ರಾತ್ರಿಯೆಲ್ಲ ಅದರಲ್ಲೇ ಕಳೆಯುತ್ತದೆ.

ಹಾಗಾಗಿ ಬೆಳಗಿನ ಜಾವ ಐದೂವರೆಗೆ ಹಾಳೆಯ ಖಾನೆಗಳನ್ನೆಲ್ಲ ಒಟ್ಟಿಗೆ ತುಂಬುವುದು ರೂಢಿಯಾಯಿತು. ಹತ್ತು, ಹನ್ನೆರಡು, ಎರಡು, ನಾಲ್ಕು. ಒಂದೇ ಪೆನ್ನು, ಒಂದೇ ಓರೆಯ ಟಿಕ್ಕು. ಆಡಿಟ್ ಬಂದಾಗ ಖಾಲಿ ಖಾನೆ ಕಂಡರೆ ಮೆಮೊ ಕೊಡುತ್ತಿದ್ದರು. ತುಂಬಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ.

ಲಕ್ವ ಹೊಡೆದು ಮಲಗಿದ್ದ ಒಬ್ಬರು ಅಜ್ಜಿಗೆ ಹೀಗೇ ಹುಣ್ಣಾಯಿತು. ಡ್ರೆಸ್ಸಿಂಗ್ ಮಾಡುವಾಗ ಅದನ್ನು ನೋಡಿದ ಮಗ ಕೇಳಿದನಂತೆ, “ರಾತ್ರಿ ಅಮ್ಮನ್ನ ತಿರುಗಿಸ್ತಿದ್ರಾ ಸಿಸ್ಟರ್?” ಭಾಗ್ಯ ಹೇಳಿದರು, “ಹೂಂ, ನೋಡಿ, ಚಾರ್ಟಲ್ಲಿದೆ.” ಅವನು ಹಾಳೆಯನ್ನೂ ನೋಡಲಿಲ್ಲ. “ನೀವಿದ್ದೀರಲ್ಲ, ಬಿಡಿ” ಎಂದನಂತೆ.

ಇದನ್ನು ಹೇಳುವಾಗ ಅವರು ಅಳಲಿಲ್ಲ. ಅಂಗೈಗಳನ್ನು ತೊಡೆಯ ಮೇಲೆ ಉಜ್ಜುತ್ತಿದ್ದರು, ಸ್ಯಾನಿಟೈಸರ್ ಹಚ್ಚಿಕೊಂಡವರ ಹಾಗೆ.

ಈ ನೋವಿಗೆ ನೈತಿಕ ಸಂಕಟ ಎಂಬ ಹೆಸರಿದೆ. ಸರಿ ಯಾವುದೆಂದು ಗೊತ್ತಿದ್ದೂ ಸಂಸ್ಥೆಯ ಕಟ್ಟುಪಾಡುಗಳಿಂದಾಗಿ ಅದನ್ನು ಮಾಡಲಾಗದ ಸ್ಥಿತಿ ಎಂದು 1984ರಲ್ಲಿ ಅಮೆರಿಕದ ತತ್ವಶಾಸ್ತ್ರಜ್ಞ ಆಂಡ್ರ್ಯೂ ಜೇಮ್ಟನ್ ಇದನ್ನು ನರ್ಸಿಂಗ್ ವೃತ್ತಿಯ ಸಂದರ್ಭದಲ್ಲೇ ವಿವರಿಸಿದರು. ಕೆಲಸದ ಬಗ್ಗೆ ಉದಾಸೀನ ಇರುವವರಿಗೆ ಈ ಸಂಕಟ ಇರುವುದಿಲ್ಲ. ಭಾಗ್ಯ ಅವರನ್ನು ಕಾಡುತ್ತಿದ್ದದ್ದು ಅವರೊಳಗೆ ಇನ್ನೂ ಗಟ್ಟಿಯಾಗಿ ಉಳಿದಿದ್ದ ವೃತ್ತಿಮೌಲ್ಯವೇ. ಯೋಗ ಒಳ್ಳೆಯದೇ. ಆದರೆ ಸಿಬ್ಬಂದಿ ಕೊರತೆಗೆ ಯೋಗ ಮಾಡಿಸುವ ಆಡಳಿತಗಳ ಬಗ್ಗೆ ನನಗೆ ಸಿಟ್ಟಿದೆ.

ಇದರ ಜೊತೆಗೆ ಇನ್ನೊಂದು ಗಂಟು. ಓರಗೆಯವರೆಲ್ಲ ಜರ್ಮನಿಗೆ ನರ್ಸ್ ಕೆಲಸಕ್ಕೆ ಹೋಗಲೆಂದು ಜರ್ಮನ್ ಭಾಷೆ ಕಲಿಯುತ್ತಿದ್ದರು. ಇವರೂ ಭಾನುವಾರದ ಕ್ಲಾಸಿಗೆ ಹೆಸರು ಕೊಟ್ಟಿದ್ದರು, ಮನೆಯವರಿಗಷ್ಟೇ ಗೊತ್ತು. “ಕೆಲಸ ಕಲಿಸಿದ್ದೇ ಈ ಆಸ್ಪತ್ರೆ. ಐವಿ ಹಾಕೋವಾಗ ಕೈ ನಡುಗ್ತಿತ್ತು, ನಮ್ಮ ಇನ್‌ಚಾರ್ಜ್ ಸಿಸ್ಟರ್ ಪಕ್ಕದಲ್ಲಿ ನಿಂತು ಕಲಿಸಿದ್ರು. ಬಿಟ್ಟು ಹೋದ್ರೆ ದ್ರೋಹ ಅಲ್ವಾ ಮೇಡಂ?” ಮೀಟಿಂಗ್‌ಗಳಲ್ಲಿ ಆಡಳಿತದವರೂ “ನಾವೆಲ್ಲ ಒಂದೇ ಮನೆಯವರು” ಎನ್ನುತ್ತಿದ್ದರಂತೆ.

ಕೆಲಸದ ಜಾಗಕ್ಕೆ ಜನ ಬದ್ಧರಾಗಿರುವುದನ್ನು ಮೇಯರ್ ಮತ್ತು ಆಲೆನ್ ಎಂಬ ಮನೋವಿಜ್ಞಾನಿಗಳು 1991ರಲ್ಲಿ ಮೂರು ಬಗೆಯಾಗಿ ನೋಡಿದರು: ಪ್ರೀತಿಯಿಂದ ಉಳಿಯುವುದು, ಬಿಟ್ಟರೆ ನಷ್ಟವೆಂದು ಉಳಿಯುವುದು, ಋಣವಿದೆ ಎಂದು ಉಳಿಯುವುದು. ಈ ಮೂರನ್ನೂ ಬಿಡಿಸಿ ಬರೆಯಲು ಭಾಗ್ಯ ಅವರಿಗೆ ಹೇಳಿದೆ. ಪ್ರೀತಿಯ ಕೆಳಗೆ ಬಂದದ್ದು ಇನ್‌ಚಾರ್ಜ್ ಸಿಸ್ಟರ್, ಜೊತೆಯ ಮೂವರು, ಗುಣವಾಗಿ ಹೋಗುವಾಗ ಕೈ ಮುಗಿಯುವ ರೋಗಿಗಳು. ನಷ್ಟದ ಕೆಳಗೆ ಮಗನ ಸ್ಕೂಲು, ಮನೆಯ ಸಾಲ. ಋಣದ ಕೆಳಗೆ ಆಸ್ಪತ್ರೆ ಎಂದು ಬರೆದು, ಹೊಡೆದು ಹಾಕಿ, ಮತ್ತೆ ಬರೆದಿದ್ದರು.

ಸಂಬಳದ ಮಾತನ್ನು ಅವರಾಗಿ ಎತ್ತಲಿಲ್ಲ. ಸುಪ್ರೀಂ ಕೋರ್ಟಿನ ನಿರ್ದೇಶನದಂತೆ 2016ರಲ್ಲಿ ರಚನೆಯಾದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಗಳು ರಾಜ್ಯ ಸರ್ಕಾರಿ ನರ್ಸ್‌ಗಳಿಗೆ ಸಮನಾದ ಸಂಬಳ ಕೊಡಬೇಕೆಂದು ಶಿಫಾರಸು ಮಾಡಿತ್ತು. ಅದನ್ನು ನೆನಪಿಸಿದಾಗ ಅವರು, “ಹಾಗೆ ನೋಡಿದ್ರೆ ಋಣ ಅವರದ್ದೇ ಬಾಕಿ ಇದೆ” ಎಂದರು. ಮೊದಲ ಸಲ ದನಿಯಲ್ಲಿ ಸ್ವಲ್ಪ ಬಿಸಿ ಕಂಡಿತು.

ನಾನು ಕೊಟ್ಟ ಸಲಹೆ ಇದು. ನೈಟ್ ಡ್ಯೂಟಿ ನಡೆದಿರುವಾಗ ರಾಜೀನಾಮೆಯ ನಿರ್ಧಾರ ಬೇಡ. ಇದ್ದರೂ ಹೋದರೂ, ಸುಳ್ಳು ಟಿಕ್ ಇವತ್ತಿಗೇ ನಿಲ್ಲಲಿ. ತಿರುಗಿಸಿದ್ದರೆ ತಿರುಗಿಸಿದ ಹೊತ್ತು, ಆಗದಿದ್ದರೆ “ಮಾಡಲಾಗಿಲ್ಲ” ಎಂದು ಕಾರಣ ಸಮೇತ ಬರೆಯಬೇಕು. ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿ 1953ರಲ್ಲಿ ಒಪ್ಪಿ, 2021ರಲ್ಲಿ ಪರಿಷ್ಕರಿಸಿದ ನೀತಿಸಂಹಿತೆಯ ಪ್ರಕಾರ ನರ್ಸ್‌ನ ಮೊದಲ ಹೊಣೆ ಆರೈಕೆ ಬೇಕಾದ ಜನರ ಕಡೆಗೆ. ಆಸ್ಪತ್ರೆಗೆ ನಿಷ್ಠರಾಗಿರುವುದೆಂದರೆ ಅದರ ಕೊರತೆಯನ್ನು ಮುಚ್ಚಿ ಕೊಡುವುದು ಎಂದು ಅವರು ತಿಳಿದಿದ್ದರು. ಮುಚ್ಚಿದ ಕೊರತೆ ಮೇಲಿನವರಿಗೆ ಕಾಣುವುದೇ ಇಲ್ಲ, ಮಾರನೆಯ ತಿಂಗಳೂ ಇಬ್ಬರನ್ನೇ ಹಾಕುತ್ತಾರೆ. ಒಬ್ಬರೇ ಬರೆದರೆ ಮೆಮೊ ಅವರೊಬ್ಬರಿಗೇ ಬರುತ್ತದೆಂಬ ಭಯ ನ್ಯಾಯವಾದದ್ದು. ಆದ್ದರಿಂದ ಮೊದಲು ಇನ್‌ಚಾರ್ಜ್ ಸಿಸ್ಟರ್ ಜೊತೆ, ಆಮೇಲೆ ಆ ಮೂವರ ಜೊತೆ ಮಾತಾಡಿ, ಸೂಪರಿಂಟೆಂಡೆಂಟರಿಗೆ ಒಟ್ಟಾಗಿ ಪತ್ರ ಕೊಡುವುದೆಂದು ನಿಶ್ಚಯಿಸಿದೆವು. ಯಾವ ರಾತ್ರಿ ಎಷ್ಟು ರೋಗಿ, ಎಷ್ಟು ಜನ, ಏನು ಬಿಟ್ಟುಹೋಯಿತು ಎಂಬಷ್ಟೇ ಇರಲಿ, ದೂರು ಬೇಡ ಎಂದೆ.

ಅಜ್ಜಿಯ ವಿಷಯಕ್ಕೆ ಸುಲಭದ ಸಮಾಧಾನ ನಾನು ಹೇಳಲಿಲ್ಲ. “ಅದು ನಿಮ್ಮ ತಪ್ಪಲ್ಲ” ಎಂದಿದ್ದರೆ ಅವರು ನಂಬುತ್ತಿರಲಿಲ್ಲ. ತಿರುಗಿಸಲಾಗದ್ದು ವ್ಯವಸ್ಥೆಯ ತಪ್ಪು, ಅಜ್ಜಿಯ ಮಗನಿಗೆ ಹೇಳಿದ ಮಾತು ಅವರದ್ದು. ಎರಡನೆಯದಕ್ಕೆ ಮಾತ್ರ ಅವರು ಉತ್ತರ ಕೊಡಬೇಕು. ನಡೆದದ್ದನ್ನು ಇನ್ಸಿಡೆಂಟ್ ರಿಪೋರ್ಟಿನಲ್ಲಿ ಬರೆದು ಕೊಡಿ, ಮನೆಯವರಿಗೆ ತಿಳಿಸುವ ಜವಾಬ್ದಾರಿ ಆಸ್ಪತ್ರೆ ಹೊರಲಿ, ಕರೆದರೆ ನೀವೂ ಅಲ್ಲಿರಿ ಎಂದೆ. ಇದನ್ನು ಒಪ್ಪಲು ಅವರಿಗೆ ಸಮಯ ಬೇಕಾಯಿತು.

ಪತ್ರಕ್ಕೆ ಇನ್‌ಚಾರ್ಜ್ ಸಿಸ್ಟರೇ ಮೊದಲು ಸಹಿ ಹಾಕಿದರು. ಅವರೂ ವರ್ಷಗಟ್ಟಲೆ ಅದೇ ಹಾಳೆಗಳನ್ನು ನೋಡಿದವರು. ಹೆಚ್ಚುವರಿ ನರ್ಸ್ ಇನ್ನೂ ಬಂದಿಲ್ಲ, ರಾತ್ರಿಗೆ ಒಬ್ಬ ವಾರ್ಡ್ ಅಟೆಂಡರ್ ಕೊಟ್ಟಿದ್ದಾರೆ. ಹುಣ್ಣಾಗುವ ಅಪಾಯ ಹೆಚ್ಚಿರುವ ರೋಗಿಗಳ ಪಟ್ಟಿಯನ್ನು ಡ್ಯೂಟಿ ಬದಲಾಗುವಾಗಿನ ಹ್ಯಾಂಡೋವರ್‌ನಲ್ಲೇ ಹೇಳಿ, ಅವರನ್ನು ಮೊದಲು ತಿರುಗಿಸುವ ಕ್ರಮ ಭಾಗ್ಯ ಅವರೇ ತಂದರು. ಖಾಲಿ ಖಾನೆಗೆ ಒಂದು ಮೆಮೊ ಬಂತು. ಕಾರಣ ಬರೆದಿದ್ದ ಹಾಳೆಯನ್ನು ತೋರಿಸಿ ಉತ್ತರ ಕೊಟ್ಟರು. ರಿಪೋರ್ಟೂ ಹೋಗಿದೆ, ಮನೆಯವರನ್ನು ಕರೆದಿರುವ ಸುದ್ದಿಯಿಲ್ಲ. ಅದನ್ನು ಮತ್ತೆ ಕೇಳುವುದಾಗಿ ಹೇಳಿದ್ದಾರೆ.

ನಿದ್ದೆ ಈಗ ನಾಲ್ಕೈದು ಗಂಟೆ ಬರುತ್ತಿದೆ. ನಡುರಾತ್ರಿ ಮನಸ್ಸು ಕುಸಿದರೆ ನನಗಾಗಿ ಕಾಯದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲು ಹೇಳಿದ್ದೇನೆ, ಕನ್ನಡದಲ್ಲೇ ಮಾತಾಡಬಹುದು. ಇದೇ ಅನುಭವದಲ್ಲಿರುವ ಇತರ ನರ್ಸ್‌ಗಳಿಗೂ ಅದು ಉಪಯೋಗಕ್ಕೆ ಬರುತ್ತದೆ.

ಜರ್ಮನ್ ಕ್ಲಾಸು ಬಿಟ್ಟಿಲ್ಲ. ಇನ್‌ಚಾರ್ಜ್ ಸಿಸ್ಟರಿಗೆ ಅದನ್ನೂ ಹೇಳಿಯಾಗಿದೆ. “ಹೋಗೋದಾದ್ರೆ ಹೇಳಿ ಹೋಗು” ಎಂದರಂತೆ. ಹೋಗುವುದೋ ಬಿಡುವುದೋ ಎಂಬುದರಲ್ಲಿ ಈಗ ಋಣದ ಪ್ರಶ್ನೆ ಉಳಿದಿಲ್ಲ, ಮಗನನ್ನು ಯಾರ ಹತ್ತಿರ ಬಿಡುವುದು ಎಂಬ ಪ್ರಶ್ನೆಯಿದೆ. ಅದಕ್ಕೆ ಮುಂದಿನ ಸಲ ಗಂಡನನ್ನೂ ಕರೆದುಕೊಂಡು ಬರುತ್ತಾರೆ.