ಸಭೆ ತುಂಬಿದ್ದು ಸ್ಯಾಂಡರ್ಸ್‌ಗೆ, ಟಿಕೆಟ್ ಸಿಕ್ಕಿದ್ದು ಬೈಡನ್‌ಗೆ, ಯಾಕೆ?

ಮೇಷ್ಟ್ರೇ, ನಿಮ್ಮ ಉದ್ದನೆ ಕಾಗದ ಬಂತು, ಪೂರ್ತಿ ಹಾಕೋಕೆ ಜಾಗ ಇಲ್ಲ, ಸಾರಾಂಶ ನಾನೇ ಹೇಳ್ಬಿಡ್ತೀನಿ. 2020ರಲ್ಲಿ ನ್ಯೂಜೆರ್ಸಿಗೆ ಮಗಳ ಮನೆಗೆ ಹೋಗಿದ್ದಾಗ ದಿನಾ ಟೀವಿ ಮುಂದೆ ಕೂತು ಡೆಮಾಕ್ರಟಿಕ್ ಪಾರ್ಟಿ ಪ್ರೈಮರಿ (ಅಧ್ಯಕ್ಷ ಚುನಾವಣೆಗೆ ಪಾರ್ಟಿ ಅಭ್ಯರ್ಥಿ ಯಾರಾಗಬೇಕು ಅಂತ ಒಂದೊಂದು ರಾಜ್ಯದಲ್ಲೂ ಜನ ಹಾಕೋ ವೋಟು) ನೋಡಿದ್ರಿ, ಬರ್ನಿ ಸ್ಯಾಂಡರ್ಸ್ ಹೋದಲ್ಲೆಲ್ಲ ಜನಸಾಗರ, ಜೋ ಬೈಡನ್ ಹೋದಲ್ಲಿ ಅರ್ಧ ಹಾಲ್ ಖಾಲಿ, ಕೊನೆಗೆ ಟಿಕೆಟ್ ಮಾತ್ರ ಬೈಡನ್‌ಗೆ. 'ಇಲ್ಲಿ ಹೈಕಮಾಂಡ್ ಬಿ ಫಾರಂ ಕೊಡುತ್ತೆ, ಅಲ್ಲಿ ಜನಾನೇ ಆರಿಸ್ತಾರೆ ಅಂತ ನೀವು ಬರೀತೀರಲ್ಲ, ಏನ್ ವ್ಯತ್ಯಾಸ ಹೇಳಿ' ಅಂತ ಕೇಳಿದ್ದೀರಿ. ಜೊತೆಗೆ ಮಗಳು ಈಗ ಅಲ್ಲಿನ ಸಿಟಿಜನ್, ಅವಳು ಪ್ರೈಮರಿಲಿ ವೋಟ್ ಹಾಕಬಹುದಾ ಅಂತಾನೂ.

ನಿಮ್ಮ ಅನುಮಾನ ಪೂರ್ತಿ ಸುಳ್ಳೇನಲ್ಲ. ಆದ್ರೆ ಉತ್ಸಾಹ ಅಂದ್ರೆ ಸಭೆಲಿ ಕಾಣೋದು ಮಾತ್ರ ಅಂತ ನೀವು ಲೆಕ್ಕ ಹಾಕಿದ್ದೀರಿ, ಅಲ್ಲೇ ನನ್ನ ತಕರಾರು.

ಮೊದ್ಲು ನಡೆದಿದ್ದು ನೋಡಿ. ಫೆಬ್ರವರಿ 3ಕ್ಕೆ ಅಯೋವಾ ರಾಜ್ಯದ ಸರದಿ, ಬೈಡನ್ ನಾಲ್ಕನೇ ಸ್ಥಾನ. 11ಕ್ಕೆ ನ್ಯೂ ಹ್ಯಾಂಪ್‌ಶೈರ್, ಐದನೇ ಸ್ಥಾನ, ಶೇ. 8 ಚಿಲ್ಲರೆ ವೋಟು. 22ಕ್ಕೆ ನೆವಾಡಾದಲ್ಲಿ ಸ್ಯಾಂಡರ್ಸ್ ಎಲ್ಲರನ್ನೂ ಗುಡಿಸಿ ಹಾಕಿದ್ರು. ಬೈಡನ್ 1988ರಲ್ಲಿ ಒಂದ್ಸಲ, 2008ರಲ್ಲಿ ಒಂದ್ಸಲ ಇದೇ ಹುದ್ದೆಗೆ ನಿಂತು ಒಂದು ರಾಜ್ಯದ ಪ್ರೈಮರೀನೂ ಗೆದ್ದಿರದ ಮನುಷ್ಯ, ಪೇಪರ್ನೋರೆಲ್ಲ ಕಥೆ ಮುಗೀತು ಅಂತ ಬರೆದಾಗಿತ್ತು.

ಅಯೋವಾದಲ್ಲಿ ನೀವು ಟೀವಿಲಿ ನೋಡಿದ್ದು ಕಾಕಸ್, ಪ್ರೈಮರಿ ಅಲ್ಲ, ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ಆಗ ಚಳಿಗಾಲದ ರಾತ್ರಿ ಶಾಲೆ ಜಿಮ್ಮಿಗೋ ಚರ್ಚ್ ಹಾಲಿಗೋ ಹೋಗಬೇಕಿತ್ತು, ಸ್ಯಾಂಡರ್ಸ್ ಕಡೆಯೋರು ಒಂದು ಮೂಲೆ, ಇನ್ನೊಬ್ಬ ಅಭ್ಯರ್ಥಿ ಎಲಿಜಬೆತ್ ವಾರೆನ್ ಕಡೆಯೋರು ಇನ್ನೊಂದು ಮೂಲೆ, ಹಂಗೆ ಗುಂಪು ಕಟ್ಟಿ ನಿಂತ್ಕೊಂಡು ತಲೆ ಎಣಿಸ್ತಿದ್ರು, ಯಾವ ಗುಂಪಲ್ಲಿ ಶೇ. 15 ಜನ ಇರ್ತಿರಲಿಲ್ವೋ ಅವರು ಬೇರೆ ಮೂಲೆಗೆ ಹೋಗಿ ಸೇರ್ಕೋಬೇಕಿತ್ತು, ಇಲ್ಲಾಂದ್ರೆ ಬೇರೆಯೋರನ್ನ ತಮ್ಮ ಕಡೆ ಎಳ್ಕೋಬೇಕಿತ್ತು, ಇಲ್ಲಾ ಮನೆಗೆ ಹೋಗಬೇಕಿತ್ತು, ಪಕ್ಕದ ಮನೆಯೋರು ಬಂದು ಬಾರಪ್ಪ ನಮ್ಮ ಕಡೆ ಅಂತ ಕೈ ಹಿಡಿದು ಕರೀತಿದ್ರು, ಗುಟ್ಟಿನ ಮತದಾನ ಅನ್ನೋದೇ ಇರಲಿಲ್ಲ. ನೈಟ್ ಶಿಫ್ಟ್ ಕೆಲಸದೋರು, ಮಗು ಬಿಟ್ಟು ಬರಕ್ಕಾಗದೋರು ಅಲ್ಲಿಗೆ ಹೆಂಗೆ ಬರ್ತಿದ್ರು? ಹುರುಪಿರೋರಿಗೆ ಹೇಳಿ ಮಾಡಿಸಿದ ಪದ್ಧತಿ ಅದು. ಅಂಥ ಕಡೆ ಬೈಡನ್ ಸೋತಿದ್ರಲ್ಲಿ ಆಶ್ಚರ್ಯ ಇಲ್ಲ.

ಹುರುಪು ಒಂದೇ ಸಾಕಾಗಲ್ಲ ಅನ್ನೋದಕ್ಕೂ ಅಯೋವಾನೇ ಸಾಕ್ಷಿ. 2004ರಲ್ಲಿ ಹೊವರ್ಡ್ ಡೀನ್ ಅಂತ ವರ್ಮಾಂಟ್‌ನ ಮಾಜಿ ಗವರ್ನರು, ಇಂಟರ್‌ನೆಟ್‌ನಲ್ಲಿ ಜನ ಸೇರಿಸಿ ದುಡ್ಡು ಎತ್ತೋದನ್ನ ದೊಡ್ಡದಾಗಿ ಮಾಡಿ ತೋರಿಸಿದ್ದು ಅವರೇ. ಸಾವಿರಾರು ಹುಡುಗ್ರು ಬೇರೆ ಬೇರೆ ರಾಜ್ಯದಿಂದ ಕಿತ್ತಳೆ ಬಣ್ಣದ ಉಲ್ಲನ್ ಟೋಪಿ ಹಾಕ್ಕೊಂಡು ಬಂದು ಅಯೋವಾದ ಮನೆ ಮನೆ ಬಾಗಿಲು ತಟ್ಟಿದ್ರು, ಕೊನೆಗೆ ಸಿಕ್ಕಿದ್ದು ಶೇ. 18, ಮೂರನೇ ಸ್ಥಾನ. ಟೋಪಿ ಹಾಕಿದೋರಿಗೆ ಅಲ್ಲಿ ವೋಟಿರಲಿಲ್ಲ, ವೋಟಿದ್ದೋರು ಟೋಪಿ ಹಾಕಿರಲಿಲ್ಲ. 2024ರಲ್ಲಿ ರಿಪಬ್ಲಿಕನ್ ಕಡೆಯಿಂದ ವಿವೇಕ್ ರಾಮಸ್ವಾಮಿ ಅಯೋವಾದ 99 ಕೌಂಟಿಗಳನ್ನೂ (ನಮ್ಮ ಜಿಲ್ಲೆ ಇದ್ದಂಗೆ) ಎರಡೆರಡು ಸಲ ಸುತ್ತಿದ್ರು, ನಮ್ಮ ಎನ್ನಾರೈ ವಾಟ್ಸಾಪ್ ಗ್ರೂಪುಗಳಲ್ಲಂತೂ ಅವರು ಗೆದ್ದೇಬಿಟ್ಟಿದ್ರು ಬಿಡಿ, ಬಂದಿದ್ದು ಶೇ. 8ಕ್ಕೂ ಕಮ್ಮಿ.

ಈಗ ಸೌತ್ ಕೆರೊಲಿನಾ. ಡೆಮಾಕ್ರಟಿಕ್ ಪ್ರೈಮರಿಲಿ ವೋಟ್ ಹಾಕೋರಲ್ಲಿ ಅರ್ಧಕ್ಕಿಂತ ಜಾಸ್ತಿ ಕಪ್ಪು ಜನ. ಅಲ್ಲಿನ ಹಿರಿಯ ಸಂಸದ ಜಿಮ್ ಕ್ಲೈಬರ್ನ್ ಒಂದು ಘಟನೆ ಹೇಳ್ಕೊಂಡಿದ್ದಾರೆ. ಯಾರದೋ ಅಂತ್ಯಕ್ರಿಯೆಗೆ ಚರ್ಚಿಗೆ ಹೋಗಿದ್ರಂತೆ, ಮುಂದಿನ ಬೆಂಚಲ್ಲಿ ಕೂತಿದ್ದ ಅಜ್ಜಿ ಒಬ್ಬರು ಹತ್ರ ಕರೆದು ನೀನು ಯಾರಿಗೆ ವೋಟ್ ಹಾಕ್ತೀಯ ಅಂತ ಕೇಳಿದ್ರಂತೆ, ಇವರು ಬೈಡನ್ ಹೆಸರು ಕಿವಿಲಿ ಹೇಳಿದ್ರಂತೆ, ಅದನ್ನೇ ಜನ ಕೇಳಬೇಕು ಅಂತ ಕಾಯ್ತಿದಾರೆ ಅಂತ ಅಜ್ಜಿ ಅಂದ್ರಂತೆ. ಫೆಬ್ರವರಿ 26ಕ್ಕೆ ಕ್ಲೈಬರ್ನ್ ಬಹಿರಂಗವಾಗಿ ಬೆಂಬಲ ಕೊಟ್ರು, 29ಕ್ಕೆ ಬೈಡನ್‌ಗೆ ಶೇ. 48ಕ್ಕೂ ಜಾಸ್ತಿ, ಸ್ಯಾಂಡರ್ಸ್‌ಗೆ ಶೇ. 20ರ ಹತ್ರ, 46 ಕೌಂಟಿಲೂ ಬೈಡನ್ನೇ ಮುಂದೆ. ಆ ಅಜ್ಜಿಯಂಥೋರು ಸ್ಟೇಡಿಯಂಗೆ ಬಂದು ಬೋರ್ಡ್ ಹಿಡ್ಕೊಂಡು ಕೂಗಲ್ಲ, ಕ್ಯಾಮರಾಗೆ ಸಿಗಲ್ಲ. ಹಂಗಂತ ಅವರಿಗೆ ಉತ್ಸಾಹ ಇಲ್ಲ ಅನ್ನೋಕಾಗುತ್ತಾ?

ಇಲ್ಲಿಂದ ಮುಂದೆ ನಿಮ್ಮ ಅನುಮಾನದ ಜಾಗ. ಟಿಕೆಟ್‌ಗೆ ನಿಂತಿದ್ದೋರಲ್ಲಿ ಮಾರ್ಚ್ 1ಕ್ಕೆ ಬುಟಿಜೆಜ್ ಹಿಂದೆ ಸರಿದ್ರು, 2ಕ್ಕೆ ಕ್ಲೋಬುಚಾರ್, ಇಬ್ರೂ ಡಲ್ಲಾಸ್‌ಗೆ ಹೋಗಿ ಬೈಡನ್‌ಗೆ ಜೈ ಅಂದ್ರು, ಮರುದಿನಾನೇ ಸೂಪರ್ ಟ್ಯೂಸ್‌ಡೇ, ಅಂದ್ರೆ ಒಂದೇ ದಿನ 14 ರಾಜ್ಯಗಳಲ್ಲಿ ಪ್ರೈಮರಿ. ಫೋನುಗಳು ಓಡಾಡಿರ್ತವೆ, ಒತ್ತಾಯ ನಡೆದಿರುತ್ತೆ, ಪಾರ್ಟಿ ದೊಡ್ಡೋರಿಗೆ ಸ್ಯಾಂಡರ್ಸ್ ಬೇಡವಾಗಿತ್ತು ಅನ್ನೋದು ಯಾರಿಗೂ ಗುಟ್ಟಲ್ಲ. ಅಷ್ಟು ಮಟ್ಟಿಗೆ ಹೈಕಮಾಂಡ್ ವಾಸನೆ ಇದೆ, ಒಪ್ತೀನಿ. ಆದ್ರೆ ಬೈಡನ್ 14ರಲ್ಲಿ 10 ಗೆದ್ರು, ಹೆಚ್ಚುಕಮ್ಮಿ ಪ್ರಚಾರಾನೇ ಮಾಡದ ಮಿನೆಸೋಟಾ, ಮ್ಯಾಸಚೂಸೆಟ್ಸ್ ಕೂಡ. ವರ್ಜೀನಿಯಾದಲ್ಲಿ 2016ರ ಡೆಮಾಕ್ರಟಿಕ್ ಪ್ರೈಮರಿಲಿ ಬಿದ್ದಿದ್ದು ಸುಮಾರು 7.85 ಲಕ್ಷ ವೋಟು, 2020ರಲ್ಲಿ 13 ಲಕ್ಷ ದಾಟ್ತು, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಬೈಡನ್‌ಗೆ. ಆ ಜನರನ್ನ ಯಾವ ಹೈಕಮಾಂಡೂ ಲಾರಿಲಿ ತುಂಬ್ಕೊಂಡು ಬರಲಿಲ್ಲ. ಬೈಡನ್ ಮೇಲೆ ಅವರಿಗೆ ಪ್ರೀತಿ ಉಕ್ತಿತ್ತು ಅಂತ ನಾನೂ ಹೇಳಲ್ಲ, ಬಹಳ ಜನಕ್ಕೆ ಬೇಕಿದ್ದಿದ್ದು ಟ್ರಂಪ್‌ನ ಸೋಲಿಸೋ ಒಬ್ಬ ಆಸಾಮಿ ಅಷ್ಟೇ, ತಮ್ಮ ವಿಚಾರಕ್ಕೆ ಹೊಂದೋನಿಗಿಂತ ಗೆಲ್ಲೋನು ಮುಖ್ಯ ಅಂತ ಎಕ್ಸಿಟ್ ಪೋಲ್‌ನಲ್ಲಿ ರಾಜ್ಯ ರಾಜ್ಯದಲ್ಲೂ ಅವರು ಹೇಳಿದ್ರು. ಸ್ಯಾಂಡರ್ಸ್ ನೆಚ್ಕೊಂಡಿದ್ದು ಹುಡುಗ್ರನ್ನ, ಅಂದ್ಕೊಂಡಷ್ಟು ಹುಡುಗ್ರು ಬೂತಿಗೆ ಬರಲಿಲ್ಲ ಅಂತ ಮರುದಿನ ಅವರೇ ಒಪ್ಕೊಂಡ್ರು. ಇನ್ನು ಟಿಕೆಟ್‌ಗೆ ನಿಂತಿದ್ದ ಬ್ಲೂಮ್‌ಬರ್ಗ್ ಸಾಹುಕಾರ್ರು ಸ್ವಂತ ದುಡ್ಡು 50 ಕೋಟಿ ಡಾಲರ್‌ಗಿಂತ ಜಾಸ್ತಿ ಸುರಿದು ಗೆದ್ದಿದ್ದು ಅಮೆರಿಕನ್ ಸಮೋವಾ ಅನ್ನೋ ದ್ವೀಪಗಳ ಗುಂಪು ಒಂದೇ!

ಇಲ್ಲಿನ ಬಿ ಫಾರಂಗೂ ಅದಕ್ಕೂ ಇರೋ ವ್ಯತ್ಯಾಸ ಇದೇ ಮೇಷ್ಟ್ರೇ. ಅಲ್ಲೂ ದೊಡ್ಡೋರು ಕೈ ಆಡಿಸ್ತಾರೆ, ಆದ್ರೆ ಮಾರನೇ ದಿನ ಜನ ಬಂದು ಆ ಲೆಕ್ಕಾಚಾರಕ್ಕೆ ರುಜು ಹಾಕಬೇಕು, ಹಾಕದೇನೂ ಇರಬಹುದು.

ಉತ್ಸಾಹ ಇಲ್ದೇ ಇದ್ರೆ ಅದೂ ಲೆಕ್ಕಕ್ಕೆ ಸಿಗುತ್ತೆ. 2024ರಲ್ಲಿ ಬೈಡನ್ ಅಧ್ಯಕ್ಷರಾಗಿದ್ದೇ ಮತ್ತೆ ಪ್ರೈಮರಿಗೆ ನಿಂತಾಗ ಎದುರಿಗೆ ಗಟ್ಟಿ ಆಳೇ ಇರಲಿಲ್ಲ. ಆದ್ರೂ ಮಿಷಿಗನ್‌ನಲ್ಲಿ ಗಾಜಾ ಯುದ್ಧದ ಸಿಟ್ಟಿಗೆ ಒಂದು ಲಕ್ಷಕ್ಕೂ ಜಾಸ್ತಿ ಜನ, ಸುಮಾರು ಶೇ. 13, ಯಾರಿಗೂ ಬದ್ಧರಲ್ಲ ಅನ್ನೋ ಖಾನೆಗೆ ಗುರುತು ಹಾಕಿ ಬಂದ್ರು. ಜುಲೈ 21ಕ್ಕೆ ಬೈಡನ್ ಕಣದಿಂದ ಇಳಿದ್ರು, ಕಮಲಾ ಹ್ಯಾರಿಸ್ ಒಂದೂ ಪ್ರೈಮರಿ ಎದುರಿಸದೆ ಅಭ್ಯರ್ಥಿ ಆದ್ರು. ಹೈಕಮಾಂಡ್ ಅಂತ ಬೈಯೋದಿದ್ರೆ 2020ಕ್ಕಿಂತ ಇದನ್ನ ಬೈಯಬೇಕಿತ್ತು ನೀವು. ನವೆಂಬರ್‌ನಲ್ಲಿ ಹ್ಯಾರಿಸ್‌ಗೆ ಮಿಷಿಗನ್ ಕೈ ತಪ್ಪಿದ್ದು ಸುಮಾರು 80 ಸಾವಿರ ವೋಟಲ್ಲಿ, ಫೆಬ್ರವರಿಲಿ ಸಿಟ್ಟು ಮಾಡ್ಕೊಂಡೋರೇ ಸೋಲಿಸಿದ್ರು ಅಂತ ಹೇಳಕ್ಕಾಗಲ್ಲ, ಆದ್ರೆ ಎಚ್ಚರಿಕೆ ಗಂಟೆ ಬಾರಿಸಿ ಎಂಟು ತಿಂಗಳಾಗಿತ್ತು.

ಮಗಳ ವಿಷಯ. ಸಿಟಿಜನ್ ಆಗಿ ವೋಟರ್ ರಿಜಿಸ್ಟ್ರೇಷನ್ ಮಾಡಿಸಿದ್ರೆ ಧಾರಾಳವಾಗಿ ಹಾಕಬಹುದು. ಯಾವ ಪಾರ್ಟಿಗೂ ಹೆಸರು ಬರೆಸಿಲ್ಲ ಅಂದ್ರೆ ನ್ಯೂಜೆರ್ಸಿಲಿ ಪ್ರೈಮರಿ ದಿನಾನೇ ಬೂತಲ್ಲಿ ಪಾರ್ಟಿ ಹೇಳಿ ವೋಟ್ ಹಾಕಬಹುದು, ಬೇರೆ ಪಾರ್ಟಿಲಿ ಹೆಸರಿದ್ರೆ 55 ದಿನ ಮುಂಚೆ ಬದಲಾಯಿಸ್ಕೋಬೇಕು. ಒಂದೇ ತೊಂದ್ರೆ, ಅವರ ಸರದಿ ಬರೋದು ಜೂನ್‌ಗೆ. 2020ರಲ್ಲಂತೂ ಕೊರೊನಾ ಅಂತ ಜುಲೈ 7ಕ್ಕೆ ಹೋಯ್ತು, ಅಷ್ಟೊತ್ತಿಗೆ ಸ್ಯಾಂಡರ್ಸ್ ಕಣ ಬಿಟ್ಟು ಮೂರು ತಿಂಗಳಾಗಿತ್ತು.

– ಸಂ.