ಶಿರಸಿಯ ಆನ್‌ಲೈನ್ ಅಂಗಡಿಯಲ್ಲಿ ಬೆಲೆಯನ್ನು ದಿರ್ಹಮ್, ಡಾಲರಿನಲ್ಲೂ ತೋರಿಸುವುದು ಹೇಗೆ?

ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲಕ್ಕೆ ದುಬೈ, ಅಮೆರಿಕದಿಂದಲೂ ಗಿರಾಕಿಗಳಿದ್ದಾರೆ ಎಂದಿದ್ದೀರಿ. ಮೊದಲು ಇದನ್ನು ತೀರ್ಮಾನಿಸಿ: ಅವರ ಕರೆನ್ಸಿಯಲ್ಲಿ ಬೆಲೆ ತೋರಿಸಿದರೆ ಸಾಕೋ, ಹಣವನ್ನೂ ಅದರಲ್ಲೇ ಪಡೆಯಬೇಕೋ?

ತೋರಿಸುವುದಷ್ಟೇ ಆದರೆ ಸುಲಭ. ಮೂಲ ಬೆಲೆ ರೂಪಾಯಿಯಲ್ಲೇ ಇರಲಿ. ದಿನಕ್ಕೊಮ್ಮೆ ವಿನಿಮಯ ದರ ತರಿಸಿಕೊಂಡು ಲೆಕ್ಕ ಹಾಕಿ, ಪಕ್ಕದಲ್ಲಿ ‘ಅಂದಾಜು’ ಎಂದು ಬರೆಯಿರಿ. ಹಣ ರೂಪಾಯಿಯಲ್ಲಿ ಕಡಿತವಾಗುತ್ತದೆ ಎಂಬುದನ್ನು ಪಾವತಿಯ ಗುಂಡಿಯ ಬಳಿಯೇ ಹೇಳಿಬಿಡಿ. ಗಿರಾಕಿಯ ಬ್ಯಾಂಕ್ ತನ್ನದೇ ದರ, ಶುಲ್ಕ ಹಾಕಬಹುದು. ಬೈಗುಳ ಮಾತ್ರ ನಿಮ್ಮ ಪಾಲಿಗೆ.

ಹಣವನ್ನೂ ಅದೇ ಕರೆನ್ಸಿಯಲ್ಲಿ ಪಡೆಯುವುದಾದರೆ ಪೇಮೆಂಟ್ ಗೇಟ್‌ವೇಯಲ್ಲಿ (ಆನ್‌ಲೈನ್ ಪಾವತಿಯನ್ನು ಸ್ವೀಕರಿಸಿಕೊಡುವ ಸೇವೆ) ಅಂತರರಾಷ್ಟ್ರೀಯ ಪಾವತಿಗೆ ಒಪ್ಪಿಗೆ ಪಡೆಯಿರಿ. ಆರ್ಡರ್ ಬಂದ ಕ್ಷಣದ ದರವನ್ನು ಆರ್ಡರಿನ ಜೊತೆಗೇ ಉಳಿಸಿಡಿ. ಹಣ ಮರಳಿಸುವಾಗ ಬೇಕಾಗುತ್ತದೆ. ಕುವೈತ್ ದಿನಾರಿಗೆ ದಶಾಂಶದ ಬಳಿಕ ಮೂರು ಅಂಕಿ, ಜಪಾನಿನ ಯೆನ್‌ಗೆ ಒಂದೂ ಇಲ್ಲ. ಎಲ್ಲಕ್ಕೂ ಎರಡೇ ಎಂದು ನಂಬಿದ ಕೋಡ್ ಎಡವುವುದು ಇಲ್ಲಿಯೇ.

ಯಾವ ಕರೆನ್ಸಿ ತೋರಿಸಬೇಕೆಂದು ತಿಳಿಯಲು ಗಿರಾಕಿಯ ಐಪಿ ವಿಳಾಸದಿಂದ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ದೇಶವನ್ನು ಊಹಿಸಬಹುದು. ಆದರೆ ದುಬೈನಲ್ಲಿ ಕುಳಿತ ಮಗ ಭಾರತದ ಕಾರ್ಡಿನಿಂದಲೇ ಕುಮಟಾದ ಅಮ್ಮನಿಗೆ ಉಪ್ಪಿನಕಾಯಿ ಕಳಿಸುತ್ತಿರಬಹುದು. ಕರೆನ್ಸಿ ಬದಲಿಸುವ ಆಯ್ಕೆ ಪುಟದ ಮೇಲ್ಭಾಗದಲ್ಲೇ ಇರಲಿ.