ಡಬ್ಬದಲ್ಲೇ ಉಳಿದವು

ಬೆಂಗಳೂರಿನ ಕಪಾಲಿ ಚಿತ್ರಮಂದಿರವನ್ನು ಒಡೆದದ್ದರ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಕಪಾಲಿಯ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಬಂದ ಪತ್ರಗಳಲ್ಲೆಲ್ಲ ಕಾಣೆಯಾದ ಚಿತ್ರಗಳದ್ದೇ ಮಾತು. ಆದ್ದರಿಂದ ಈ ಸಲ ನಟನಟಿಯರ ಕುಶಲ ವಿಚಾರಣೆಯ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟಿದ್ದೇನೆ. ಅಂಕಣಕ್ಕೆ ಹೊಸಬರಾದವರಿಗೆ ಒಂದು ಮಾತು: ನಾನು ವಿಮರ್ಶಕನಲ್ಲ. ಒಂದೇ ಪ್ರಿಂಟನ್ನು ಎರಡು ಟಾಕೀಸುಗಳಲ್ಲಿ ಓಡಿಸುತ್ತಿದ್ದ ಕಾಲದಲ್ಲಿ ಮಲ್ಲೇಶ್ವರದಿಂದ ರಾಜಾಜಿನಗರಕ್ಕೆ ಸೈಕಲ್ ಮೇಲೆ ರೀಲು ಸಾಗಿಸುತ್ತಿದ್ದ ಹುಡುಗ. ಆಮೇಲೆ ಗಾಂಧಿನಗರದ ಒಬ್ಬ ಹಂಚಿಕೆದಾರರ ಬಳಿ 22 ವರ್ಷ ರೆಪ್ರೆಸೆಂಟೇಟಿವ್. ಪ್ರಿಂಟಿನ ಹಿಂದೆ ತಿಪಟೂರು, ಅರಸೀಕೆರೆ ಅಂತ ಅಲೆದು, ಗೇಟಿನಲ್ಲಿ ನಿಂತು ಹರಿದ ಟಿಕೆಟ್ ಎಣಿಸಿದವನು.

*

ಪ್ರಶ್ನೆ: ನಮ್ಮ ತಾತ ‘ಸತಿ ಸುಲೋಚನ’ ನೋಡಿದ್ದನ್ನು ಸಾಯುವವರೆಗೂ ಹೇಳುತ್ತಿದ್ದರು. ಮೊಮ್ಮಗಳು ಮೊಬೈಲ್‌ನಲ್ಲಿ ಹುಡುಕಿ ಹುಡುಕಿ ಸೋತಳು. ಎಲ್ಲಿ ನೋಡಲು ಸಿಗುತ್ತದೆ?
— ನಿವೃತ್ತ ಶಿಕ್ಷಕಿ, ಚಾಮರಾಜಪೇಟೆ

ಎಲ್ಲಿಯೂ ಸಿಗುವುದಿಲ್ಲ, ತಾಯಿ. ಕನ್ನಡದ ಮೊದಲ ವಾಕ್ಚಿತ್ರದ ಒಂದು ಪ್ರಿಂಟೂ ಉಳಿದಿಲ್ಲ. ನಿಮ್ಮ ತಾತನವರು ಹೇಳುತ್ತಿದ್ದದ್ದೇ ಈಗ ದಾಖಲೆ. ಅದನ್ನು ಬರೆದಿಟ್ಟಿಲ್ಲವಾದರೆ ಇವತ್ತೇ ಕುಳಿತು ಬರೆದಿಡಿ.

ಆ ಚಿತ್ರ 1934ರ ಮಾರ್ಚ್ 3ರಂದು ಸಿಟಿ ಮಾರ್ಕೆಟ್ ಬಳಿಯ ಪ್ಯಾರಮೌಂಟ್‌ನಲ್ಲಿ ತೆರೆ ಕಂಡಿತು. ಬೆಂಗಳೂರಿನ ವ್ಯಾಪಾರಿ ಚಮನ್‌ಲಾಲ್ ಡುಂಗಾಜಿ ಹಣ ಹಾಕಿದರು, ವೈ.ವಿ. ರಾವ್ ನಿರ್ದೇಶಿಸಿದರು, ಬೆಳ್ಳಾವೆ ನರಹರಿ ಶಾಸ್ತ್ರಿಗಳು ಮಾತು, ಹಾಡು ಬರೆದರು. ಆರ್. ನಾಗೇಂದ್ರರಾವ್ ರಾವಣ, ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ. ನಮ್ಮಲ್ಲಿ ಆಗ ವಾಕ್ಚಿತ್ರ ತೆಗೆಯುವ ಅನುಕೂಲವಿರಲಿಲ್ಲವಾಗಿ ಇಡೀ ತಂಡ ಕೊಲ್ಹಾಪುರದ ಛತ್ರಪತಿ ಸಿನಿಟೋನ್‌ಗೆ ಹೋಗಿ ಚಿತ್ರೀಕರಿಸಿತು. ಇಷ್ಟೆಲ್ಲ ಗೊತ್ತು, ಆದರೆ ನಾಗೇಂದ್ರರಾಯರ ರಾವಣ ಹೇಗೆ ಗರ್ಜಿಸಿದ ಎಂದು ಕೇಳಿ ತಿಳಿಯುವ ದಾರಿಯೇ ಇಲ್ಲ. ಅದಕ್ಕಿಂತ ಮೊದಲೇ ಶುರುವಾಗಿ ಆಮೇಲೆ ಬಿಡುಗಡೆಯಾದ ‘ಭಕ್ತ ಧ್ರುವ’ನ ಗತಿಯೂ ಅದೇ. ಟಿ.ಪಿ. ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯ ಇಬ್ಬರೂ ಕಾಣಿಸಿಕೊಂಡಿದ್ದ ಮೋಹನ್ ಭವನಾನಿಯವರ ಮೂಕಿ ಚಿತ್ರವೂ ಹೋಯಿತು. ನಾವಷ್ಟೇ ದಡ್ಡರು ಎಂದು ನಾಚಬೇಕಿಲ್ಲ. ದೇಶದ ಮೊದಲ ವಾಕ್ಚಿತ್ರ ‘ಆಲಂ ಆರಾ’ ಕೂಡ ಇಲ್ಲ. ಮೂಕಿ ಯುಗದಲ್ಲಿ ಭಾರತದಲ್ಲಿ ತಯಾರಾದ 1,300ಕ್ಕೂ ಹೆಚ್ಚು ಚಿತ್ರಗಳಲ್ಲಿ ಪೂರ್ತಿಯೋ ತುಂಡೋ ಉಳಿದಿರುವುದು ಹೆಚ್ಚೆಂದರೆ ಮೂವತ್ತು.

ಬೆಂಕಿ ಬಿತ್ತು, ಅದಕ್ಕೇ ಹೋದವು ಎನ್ನುವವರಿದ್ದಾರೆ. ಆ ಕಾಲದ ಫಿಲಂ ನೈಟ್ರೇಟಿನದು, ಹೊತ್ತಿಕೊಂಡರೆ ನೀರಿಗೂ ಆರದು ಎಂಬುದು ನಿಜ. 2003ರ ಜನವರಿಯಲ್ಲಿ ಪುಣೆಯ ಫಿಲಂ ಸಂಸ್ಥೆಯ ಆವರಣದಲ್ಲಿದ್ದ ಉಗ್ರಾಣಕ್ಕೆ ಬೆಂಕಿ ಬಿದ್ದು ಅಂಥ ಎಷ್ಟೋ ರೀಲುಗಳು ಸುಟ್ಟದ್ದೂ ನಿಜ. ಆದರೆ ಅಷ್ಟು ಹೊತ್ತಿಗೆ ಸುಡಲು ಉಳಿದಿದ್ದದ್ದೇ ಕೊಂಚ. ಹೆಚ್ಚಿನ ಚಿತ್ರಗಳನ್ನು ನುಂಗಿದ್ದು ಬೆಳ್ಳಿ. ಕಪ್ಪುಬಿಳುಪು ಚಿತ್ರದ ಕಪ್ಪೆಂದರೆ ಬೆಳ್ಳಿಯೇ. ಊರೂರು ಸುತ್ತಿ, ಗೀರು ಬಿದ್ದು, ‘ಮಳೆ ಸುರಿಯುವ’ ಸ್ಥಿತಿಗೆ ಬಂದ ಪ್ರಿಂಟನ್ನು ತೊಳೆದು ಬೆಳ್ಳಿ ತೆಗೆದುಕೊಂಡರು, ಉಳಿದ ಹಾಳೆ ಬಳೆ ಮಾಡುವವರ ಪಾಲಾಯಿತು. ನಿಮ್ಮ ತಾತ ನೋಡಿದ ಸುಲೋಚನೆಯನ್ನು ನಿಮ್ಮ ಅಜ್ಜಿ ಕೈಗೆ ತೊಟ್ಟಿದ್ದರೂ ತೊಟ್ಟಿರಬಹುದು.

*

ಪ್ರಶ್ನೆ: ನಮ್ಮ ತಂದೆ 1989ರಲ್ಲಿ ಮೂವರು ಗೆಳೆಯರ ಜೊತೆ ಸೇರಿ ಒಂದು ಚಿತ್ರ ಮಾಡಿದ್ದರು. ಸೆನ್ಸಾರ್ ಆಗಿತ್ತು, ಪೋಸ್ಟರೂ ಅಚ್ಚಾಗಿತ್ತು, ಆದರೆ ಬಿಡುಗಡೆಯಾಗಲಿಲ್ಲ. ಈಗ ತಂದೆ ಇಲ್ಲ. ಅಟ್ಟದ ಮೇಲಿನ ಕಬ್ಬಿಣದ ಟ್ರಂಕಿನಲ್ಲಿ ಹದಿನಾಲ್ಕು ಡಬ್ಬಗಳಿವೆ. ಮುಚ್ಚಳ ತೆಗೆದರೆ ಕೆಟ್ಟ ಹುಳಿ ವಾಸನೆ. ಮನೆಯವರು ಗುಜರಿಗೆ ಹಾಕು ಎನ್ನುತ್ತಿದ್ದಾರೆ. ಏನು ಮಾಡಲಿ?
— ಓದುಗರೊಬ್ಬರು, ಯಶವಂತಪುರ

ಮೊದಲು ಆ ಟ್ರಂಕನ್ನು ಅಟ್ಟದಿಂದ ಇಳಿಸಿ, ಉಳಿದದ್ದನ್ನು ಆಮೇಲೆ ಓದಿ. ಬೇಸಿಗೆಯಲ್ಲಿ ತಾರಸಿಯ ಕೆಳಗಿನ ಅಟ್ಟಕ್ಕೂ ಬಾಣಲೆಗೂ ಹೆಚ್ಚು ವ್ಯತ್ಯಾಸವಿಲ್ಲ.

ಆ ವಾಸನೆ ವಿನೆಗರ್‌ನದು. ನಿಮ್ಮದು ನೈಟ್ರೇಟ್ ಅಲ್ಲ, ಆಮೇಲೆ ಬಂದ ಅಸಿಟೇಟ್ ಫಿಲಂ. ಸೆಕೆಗೂ ತೇವಕ್ಕೂ ಅದು ತಾನಾಗಿಯೇ ಒಡೆದು ಹುಳಿ ಬಿಡುತ್ತದೆ. ಬಿಟ್ಟ ಹುಳಿಯೇ ಮತ್ತಷ್ಟು ಒಡೆಯುವಂತೆ ಮಾಡುತ್ತದೆ, ಪಕ್ಕದ ಡಬ್ಬಕ್ಕೂ ಹಬ್ಬುತ್ತದೆ. ಒಂದು ಕೊಳೆತ ಟೊಮೆಟೊ ಬುಟ್ಟಿಯನ್ನೇ ಕೆಡಿಸುವ ಹಾಗೆ. ಆದ್ದರಿಂದ ಹೆಚ್ಚು ನಾರುವ ಡಬ್ಬಗಳನ್ನು ಬೇರೆ ಇಡಿ. ಪ್ಲಾಸ್ಟಿಕ್ ಚೀಲ ಸುತ್ತಿದ್ದರೆ ತೆಗೆದುಹಾಕಿ. ಮನೆಯಲ್ಲಿ ಎಲ್ಲಕ್ಕಿಂತ ತಂಪಾದ, ಒಣಗಿದ, ಗಾಳಿಯಾಡುವ ಮೂಲೆಯಲ್ಲಿ ಡಬ್ಬಗಳನ್ನು ಮಲಗಿಸಿ ಇಡಿ. ಸುರುಳಿ ಬಿಚ್ಚಿ ಎಳೆದು ನೋಡುವ ಆಸೆ ಬೇಡ. ಕುಗ್ಗಿ ಬಿರುಸಾದ ಫಿಲಂ ಹಪ್ಪಳದಂತೆ ಮುರಿಯುತ್ತದೆ.

ತುದಿಯ ಒಂದು ಗೇಣನ್ನು ಮಾತ್ರ ಬೆಳಕಿಗೆ ಹಿಡಿಯಿರಿ. ಮುಖಗಳು ಮುಖದ ಹಾಗೆಯೇ ಕಂಡು, ಅಂಚಿನಲ್ಲಿ ಅಂಕುಡೊಂಕಾದ ಗೆರೆ ಓಡುತ್ತಿದ್ದರೆ ಅದು ಪ್ರಿಂಟು. ಆ ಗೆರೆಯೇ ಧ್ವನಿ. ಬಣ್ಣ ಗುಲಾಬಿಗೆ ತಿರುಗಿದ್ದರೆ ಗಾಬರಿ ಬೇಡ, ಆ ಕಾಲದ ಬಣ್ಣದ ಪ್ರಿಂಟುಗಳ ಹಣೆಬರಹ ಅದು. ಬಣ್ಣಗಳು ತಿರುವುಮುರುವಾಗಿ ಕಂಡರೆ ಅದು ನೆಗೆಟಿವ್, ಪ್ರಿಂಟುಗಳನ್ನೆಲ್ಲ ತೆಗೆಯುವ ಮೂಲ ಫಿಲಂ. ಅಂದರೆ ನಿಮ್ಮ ಕೈಯಲ್ಲಿರುವುದು ಚಿನ್ನ. ಹದಿನಾಲ್ಕು ಡಬ್ಬ ಎಂದಿರಿ. ಡಬ್ಬಕ್ಕೆ ಸಾವಿರ ಅಡಿ, ಸಾವಿರ ಅಡಿಗೆ ಹನ್ನೊಂದು ನಿಮಿಷ. ಲೆಕ್ಕ ಎರಡೂವರೆ ಗಂಟೆಗೆ ಬರುತ್ತದೆ. ನಿಮ್ಮ ತಂದೆಯವರ ಚಿತ್ರ ಪೂರ್ತಿ ಇದೆ ಎಂದೇ ನನ್ನ ಊಹೆ.

ಅದು ಏಕೆ ಬಿಡುಗಡೆಯಾಗಲಿಲ್ಲ ಎಂದು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಮಗನಿಗೆ ಇದು ತಿಳಿದಿರಬೇಕು. ನೂರಕ್ಕೆ ತೊಂಬತ್ತು ಪಾಲು ಅದು ಲ್ಯಾಬ್ ಲೆಟರ್. ನಮ್ಮ ಚಿತ್ರಗಳ ಸಂಸ್ಕರಣೆ ಹೆಚ್ಚಾಗಿ ಮದ್ರಾಸಿನ ಲ್ಯಾಬ್‌ಗಳಲ್ಲಿ ಆಗುತ್ತಿತ್ತು, ನೆಗೆಟಿವ್ ಅಲ್ಲೇ ಇರುತ್ತಿತ್ತು. ನಿರ್ಮಾಪಕರಿಗೆ ಅರ್ಧದಲ್ಲಿ ದುಡ್ಡು ಸಾಲದೆ ಬಂದಾಗ ಫೈನಾನ್ಶಿಯರ್ ಬರುತ್ತಾನೆ. ಅವನಿಗೆ ಮನೆಪತ್ರ ಬೇಡ, ಲ್ಯಾಬಿನಿಂದ ಒಂದು ಕಾಗದ ಸಾಕು: ‘ಇವರ ಒಪ್ಪಿಗೆಯಿಲ್ಲದೆ ಈ ಚಿತ್ರದ ಪ್ರಿಂಟ್ ಹೊರಗೆ ಕೊಡುವುದಿಲ್ಲ.’ ಬಿಡುಗಡೆಯ ಹಿಂದಿನ ರಾತ್ರಿ ಗಾಂಧಿನಗರದ ಕಚೇರಿಗಳಲ್ಲಿ ಕಾಫಿಯ ಮೇಲೆ ಕಾಫಿ ಕುಡಿದು ಲೆಕ್ಕ ಹರಿಸಿಕೊಳ್ಳುತ್ತಿದ್ದದ್ದು ಈ ಕಾಗದದ್ದೇ. ಹರಿಯಿತೋ, ಬೆಳಿಗ್ಗೆ ಪ್ರಿಂಟಿನ ಬಾಕ್ಸ್ ಬಂತು. ಹರಿಯಲಿಲ್ಲವೋ, ಬಡ್ಡಿ ಬೆಳೆಯಿತು, ಚಿತ್ರ ಹಳೆಯದಾಯಿತು, ನಾಯಕನ ಕೇಶಶೈಲಿ ಹಳೆಯದಾಯಿತು, ಕೊನೆಗೆ ಫೈನಾನ್ಶಿಯರ್‌ಗೂ ಅದು ಬೇಡವಾಯಿತು. ಆ ಬಳಿಕ ಲ್ಯಾಬಿನಲ್ಲಿ ನೆಗೆಟಿವ್ ಕೇಳುವವರಿಲ್ಲ. ಫಿಲಂ ಕಾಲ ಮುಗಿದಾಗ ಲ್ಯಾಬುಗಳೂ ಒಂದೊಂದಾಗಿ ಬಾಗಿಲು ಹಾಕಿದವು.

ಚಿತ್ರ ಕಳೆದುಹೋಗುವುದು ಹೀಗೆ. ನಿರ್ಮಾಪಕ ಲ್ಯಾಬಿನಲ್ಲಿದೆ ಎಂದುಕೊಳ್ಳುತ್ತಾನೆ, ಲ್ಯಾಬಿನವರು ಫೈನಾನ್ಶಿಯರ್ ಬಂದು ಒಯ್ಯುತ್ತಾನೆ ಎನ್ನುತ್ತಾರೆ, ಹಂಚಿಕೆದಾರ ತನ್ನ ಹಕ್ಕಿನ ಗಡುವು ಮುಗಿಯಿತು ಎಂದು ಕೈತೊಳೆಯುತ್ತಾನೆ. ಇವರಲ್ಲಿ ಒಬ್ಬನೂ ಕೆಟ್ಟವನಲ್ಲ.

ಕೈತೊಳೆದವರಲ್ಲಿ ನಾನೂ ಒಬ್ಬ. 1996ರಲ್ಲಿ ನಮ್ಮ ಕಚೇರಿ ಗೋಡೌನ್ ಖಾಲಿ ಮಾಡಿತು. ಹಕ್ಕಿನ ಗಡುವು ಮುಗಿದ ಪ್ರಿಂಟುಗಳನ್ನು ಯಾರೂ ಕದ್ದು ಓಡಿಸದ ಹಾಗೆ ಹಾಳುಮಾಡಬೇಕೆಂಬುದು ಕರಾರು. ಕಲಾಸಿಪಾಳ್ಯದ ಗುಜರಿಯವನು ತಕ್ಕಡಿ ತಂದಿದ್ದ, ನಾನು ಮಚ್ಚು ತಂದಿದ್ದೆ. ಕಪ್ಪುಬಿಳುಪಿಗೆ ಬೇರೆ ದರ, ಬಣ್ಣದ್ದಕ್ಕೆ ಬೇರೆ ದರ. ಬಣ್ಣದ ಫಿಲಂನಲ್ಲಿದ್ದ ಬೆಳ್ಳಿ ಲ್ಯಾಬಿನಲ್ಲೇ ಇಳಿದುಹೋಗಿರುತ್ತದೆ ಎಂದು ನನಗೆ ಪಾಠ ಹೇಳಿದವನೇ ಆ ಗುಜರಿಯವನು. ಮಧ್ಯಾಹ್ನದೊಳಗೆ ನಾಲ್ಕು ಚಿತ್ರ ಕತ್ತರಿಸಿದೆ. ಅವುಗಳಲ್ಲಿ ಮೂರು ಈಗಲೂ ಟಿವಿಯಲ್ಲಿ ಬರುತ್ತವೆ. ನಾಲ್ಕನೆಯದು ಅಂದಿನಿಂದ ಎಲ್ಲಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ಅದರ ತುಂಡುಗಳಲ್ಲಿ ಒಂದಿಷ್ಟನ್ನು ಬೀದಿಯ ಮಕ್ಕಳು ಆರಿಸಿಕೊಂಡರು. ಕೆಟ್ಟ ಬಲ್ಬಿಗೆ ನೀರು ತುಂಬಿ, ಕನ್ನಡಿಯಲ್ಲಿ ಬಿಸಿಲು ತಿರುಗಿಸಿ ಗೋಡೆಯ ಮೇಲೆ ‘ಸಿನಿಮಾ’ ಬಿಟ್ಟರು. ಆ ಚಿತ್ರದ ಕೊನೆಯ ಪ್ರದರ್ಶನಕ್ಕೆ ನಾನೂ ಪ್ರೇಕ್ಷಕನಾಗಿದ್ದೆ.

ಆದ್ದರಿಂದ ಗುಜರಿಯ ಮಾತು ನನ್ನ ಮುಂದೆ ಎತ್ತಬೇಡಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಬರೆಯಿರಿ. ಶಿವೇಂದ್ರ ಸಿಂಗ್ ಡುಂಗರ್‌ಪುರ್ ಅವರ ಮುಂಬಯಿಯ ಫಿಲಂ ಹೆರಿಟೇಜ್ ಫೌಂಡೇಶನ್‌ಗೂ ಬರೆಯಿರಿ. ಡಬ್ಬಗಳ ಸಂಖ್ಯೆ, ಮೇಲಿನ ಬರಹ, ಸೆನ್ಸಾರ್ ಪ್ರಮಾಣಪತ್ರದ ಪ್ರತಿ, ವಾಸನೆಯ ವಿಚಾರ ಎಲ್ಲವನ್ನೂ ತಿಳಿಸಿ. ತಂದೆಯ ಮೂವರು ಗೆಳೆಯರೋ ಅವರ ಮಕ್ಕಳೋ ಇದ್ದರೆ ಈಗಲೇ ಸಹಿ ಹಾಕಿಸಿ. ಚಿತ್ರಕ್ಕೆ ಬೆಲೆಯಿದೆ ಎಂದು ಗೊತ್ತಾದ ಮೇಲೆ ಯಾರ ಪೆನ್ನೂ ಸುಲಭಕ್ಕೆ ಓಡುವುದಿಲ್ಲ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ 2024ರಲ್ಲಿ ಹೊಸ ಹೊಳಪಿನೊಂದಿಗೆ ವೆನಿಸ್ ಉತ್ಸವದಲ್ಲಿ ತೆರೆಗೆ ಬಂದದ್ದು ಅದರ ಮೂಲ ನೆಗೆಟಿವ್ ಪುಣೆಯಲ್ಲಿ ಜೋಪಾನವಾಗಿದ್ದುದರಿಂದ. ನಿಮ್ಮ ತಂದೆಯವರದು ವೆನಿಸ್‌ಗೆ ಹೋಗದಿರಬಹುದು. ಯಶವಂತಪುರದಲ್ಲಿ ನಿಮ್ಮ ಮನೆಯವರು ಕುಳಿತು ನೋಡಲಿ, ಸಾಕು.

*

ಪ್ರಶ್ನೆ: ನನ್ನ ತಾಯಿ 1980ರ ದಶಕದಲ್ಲಿ ಟಿವಿ ನಾಟಕವೊಂದರಲ್ಲಿ ಅಭಿನಯಿಸಿದ್ದರು. ಎಲ್ಲಿ ಕೇಳಿದರೂ ಇಲ್ಲ ಎನ್ನುತ್ತಾರೆ. ಟಿವಿಯಲ್ಲಿ ಬಂದದ್ದು ಹೇಗೆ ಇಲ್ಲವಾಗುತ್ತದೆ?
— ವಿಜಯನಗರ

ಸಿನಿಮಾಕ್ಕೆ ಗುಜರಿಯವನು ಬೇಕು. ಟಿವಿಗೆ ಅದೂ ಬೇಡ, ಅದೇ ಟೇಪಿನ ಮೇಲೆ ಮುಂದಿನ ವಾರದ ಕಾರ್ಯಕ್ರಮ ಮುದ್ರಿಸಿದರೆ ಮುಗಿಯಿತು. ಟೇಪು ದುಬಾರಿ, ಮರುಪ್ರಸಾರದ ಯೋಚನೆ ಯಾರಿಗೂ ಇರಲಿಲ್ಲ. ಶ್ರೀಮಂತ ಬಿಬಿಸಿಯೇ ‘ಡಾಕ್ಟರ್ ಹೂ’ ಧಾರಾವಾಹಿಯ 1960ರ ದಶಕದ ಎಷ್ಟೋ ಕಂತುಗಳನ್ನು ಅಳಿಸಿಹಾಕಿ ಆಮೇಲೆ ದೇಶದೇಶ ಹುಡುಕಿಸಿತು. 2013ರಲ್ಲಿ ಒಂಬತ್ತು ಕಂತುಗಳು ನೈಜೀರಿಯಾದ ಒಂದು ಟಿವಿ ಕೇಂದ್ರದಲ್ಲಿ ಸಿಕ್ಕವು. ಹೊರದೇಶಕ್ಕೆ ಮಾರಿದ್ದ ಪ್ರತಿಗಳಂತೆ. ನಿಮ್ಮ ತಾಯಿಯವರ ನಾಟಕವನ್ನು ನೈಜೀರಿಯಾಕ್ಕೆ ಯಾರೂ ಕಳಿಸಿರಲಾರರು. ಆದರೆ ಆ ಕಾಲದಲ್ಲಿ ಟಿವಿಯಲ್ಲಿ ಬಂದದ್ದನ್ನು ಕ್ಯಾಸೆಟ್ಟಿಗೆ ಇಳಿಸಿಕೊಳ್ಳುವ ವಿಸಿಆರ್ ಇಟ್ಟುಕೊಂಡಿದ್ದ ನೆಂಟರು ಒಬ್ಬಿಬ್ಬರಾದರೂ ಇದ್ದಿರಬೇಕಲ್ಲ? ‘ಸೊಸೆಯ ಸೀಮಂತ’ ಎಂದು ಚೀಟಿ ಅಂಟಿಸಿದ ಕ್ಯಾಸೆಟ್ಟನ್ನೂ ಕೊನೆಯವರೆಗೆ ಓಡಿಸಿ ನೋಡಿ. ಉಳಿದ ಜಾಗದಲ್ಲಿ ಏನೇನೋ ಇರುತ್ತದೆ.

*

ಪ್ರಶ್ನೆ: ಬಿಡುಗಡೆಯಾಗದ ಚಿತ್ರಗಳು ಕೆಟ್ಟದಾಗಿದ್ದವು, ಅದಕ್ಕೇ ಬಿಡುಗಡೆಯಾಗಲಿಲ್ಲ. ಅವನ್ನೇಕೆ ಹುಡುಕಬೇಕು?
— ಇಂಜಿನಿಯರಿಂಗ್ ವಿದ್ಯಾರ್ಥಿ, ಬನಶಂಕರಿ

ಕೆಟ್ಟ ಚಿತ್ರಗಳು ಬಿಡುಗಡೆಯಾಗುವುದಿಲ್ಲ ಎಂದು ನಿನಗೆ ಯಾರು ಹೇಳಿದರಪ್ಪ? ನಾನು 22 ವರ್ಷ ಹೊತ್ತು ತಿರುಗಿದ್ದು ಹೆಚ್ಚಾಗಿ ಅವನ್ನೇ.

‘ಸಂಸ್ಕಾರ’ವನ್ನು ಸೆನ್ಸಾರ್‌ನವರು ಮೊದಲು ತಡೆದರು. ಆಮೇಲೆ ಅದೇ 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಅಮೃತ್ ನಹಾಟಾ ಅವರ ‘ಕಿಸ್ಸಾ ಕುರ್ಸಿ ಕಾ’ ಚಿತ್ರವನ್ನು ತುರ್ತು ಪರಿಸ್ಥಿತಿಯಲ್ಲಿ ನೆಗೆಟಿವ್ ಸಮೇತ ವಶಪಡಿಸಿಕೊಂಡು ಸುಟ್ಟರು. ನಹಾಟಾ ಅದನ್ನು ಮತ್ತೆ ಚಿತ್ರೀಕರಿಸಿ 1978ರಲ್ಲಿ ತೆರೆಗೆ ತಂದರು. ಹೋಗಲಿ, ನಿಜವಾಗಿಯೂ ಕೆಟ್ಟ ಚಿತ್ರ ಎಂದೇ ಇಟ್ಟುಕೋ. ನಾಯಕಿ ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ರಸ್ತೆ ದಾಟುತ್ತಾಳೆ. ನಟನೆ ಕೆಟ್ಟದು, ಸಂಭಾಷಣೆ ಇನ್ನೂ ಕೆಟ್ಟದು. ಆದರೆ ಅವಳ ಬೆನ್ನ ಹಿಂದೆ ಸಾಗರ್ ಟಾಕೀಸಿನ ಕಟೌಟ್ ಇದೆ, ಜಟಕಾ ಇದೆ, ಬ್ಲ್ಯಾಕ್ ಟಿಕೆಟ್ ಮಾರುವ ಹುಡುಗ ಇದ್ದಾನೆ. ನಾನು ನೋಡುವುದು ಅವನನ್ನು.

*

ಪ್ರಶ್ನೆ: ಇಷ್ಟೆಲ್ಲ ಹೇಳುತ್ತೀರಿ, ನೀವೇನಾದರೂ ಉಳಿಸಿಕೊಂಡಿದ್ದೀರಾ?
— ಶ್ರೀರಾಂಪುರ

ಒಂದು ರೀಲು ಇದೆ. ಮಚ್ಚಿನ ದಿನ ಗೋಡೌನಿನ ಮೂಲೆಯಲ್ಲಿ ಸಿಕ್ಕಿದ್ದು. ನಮ್ಮ ಕಚೇರಿಯ ಯಾವ ಚಿತ್ರಕ್ಕೂ ಸೇರಿದ್ದಲ್ಲ. ಡಬ್ಬದ ಮೇಲೆ ಬಣ್ಣದಲ್ಲಿ ‘6’ ಎಂಬ ಅಂಕಿ ಇದೆ, ಅದರ ಪಕ್ಕ ‘ಭಾ’ ಎಂಬ ಅಕ್ಷರ, ಮುಂದಿನದೆಲ್ಲ ತುಕ್ಕು. ಕಪ್ಪುಬಿಳುಪು. ಕಿಟಕಿಯ ಬೆಳಕಿಗೆ ಹಿಡಿದು ಮೊದಲಿನ ಕೆಲವು ಅಡಿಗಳನ್ನು ನೋಡಿದ್ದೇನೆ. ಲಾಲ್‌ಬಾಗಿನ ಗಾಜಿನ ಮನೆಯ ಮುಂದೆ ಎರಡು ಜಡೆಯ ಹೆಂಗಸೊಬ್ಬಳು ಕಾಯುತ್ತಿದ್ದಾಳೆ. ಕೊಡೆ ಹಿಡಿದ, ಕನ್ನಡಕದ ಗಂಡಸು ಬಂದು ಒಂದು ಕಾಗದ ಕೊಡುತ್ತಾನೆ. ಅವಳು ಓದಿ ಏನೋ ಹೇಳುತ್ತಾಳೆ. ಏನು ಹೇಳಿದಳೆಂಬುದು ಅಂಚಿನ ಗೆರೆಯಲ್ಲಿದೆ, ನನಗೆ ಕೇಳಿಸುವುದಿಲ್ಲ. ಇಬ್ಬರನ್ನೂ ನಾನು ಬೇರೆ ಯಾವ ಚಿತ್ರದಲ್ಲಿಯೂ ಕಂಡಿಲ್ಲ.

ಕಳೆದ ಯುಗಾದಿಗೆ ಮುಚ್ಚಳ ತೆಗೆದಾಗ ಸಣ್ಣಗೆ ಹುಳಿ ವಾಸನೆ ಬಂತು. ಮುಂದಿನ ತಿಂಗಳು ಪುಣೆಗೆ ಕಳಿಸುತ್ತಿದ್ದೇನೆ. ಅವರು ಮೊದಲು ಕೇಳುವುದು ಚಿತ್ರದ ಹೆಸರು. ಗಾಜಿನ ಮನೆ, ಕೊಡೆ, ಕಾಗದ, ಎರಡು ಜಡೆ: ನೆನಪಿದ್ದವರು ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಎಂಬತ್ತು ದಾಟಿದ ಅಜ್ಜಿಯರಿರುವ ಮನೆಯವರು ದಯವಿಟ್ಟು ಇದನ್ನು ಅವರಿಗೆ ಓದಿ ಹೇಳಿ.